ಸೀಲಪ್ಪನವರ ದುಂಡು ಮೊಹರು

ಎಲ್ಲಕ್ಕೂ ಮೂಲ, ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕ ಒಂದು ಪುಸ್ತಕ.

ಬೆಳಗಿನ ಚಹಾ ಸಪ್ಪೆಯಾಯಿತೆಂದು ಸೀಲಪ್ಪನವರು ತಾವೇ ಅಡುಗೆಮನೆಗೆ ಹೋಗಿ ಕಪಾಟಿನೊಳಗೆ ಕೈ ಹಾಕಿದರು. ಕೈಗೆ ಬಂದದ್ದು ದಪ್ಪನೆಯ ಪತ್ತೇದಾರಿ ಕಾದಂಬರಿ. ಪುಸ್ತಕ ಕಂಡೊಡನೆ ಮೂರನೆಯ ಪುಟ ತೆರೆದು ಮೊಹರು ನೋಡುವುದು ಅವರ ಇಪ್ಪತ್ತಾರು ವರ್ಷಗಳ ಅಭ್ಯಾಸ. ನೋಡಿದರು. ಅಲ್ಲಿದ್ದುದು ಅವರ ಗ್ರಂಥಾಲಯದ ನೇರಳೆ ಬಣ್ಣದ ದುಂಡು ಮೊಹರಲ್ಲ. ಹಸಿರು ಬಣ್ಣದ ಚೌಕ ಮೊಹರು. ಮೇಲಿನ ಬೀದಿ ಶಾಖೆಯದು!

ಹೆಂಡತಿಯ ಸೀರೆಗಳ ನಡುವೆ ಯಾರದೋ ಪ್ರೇಮಪತ್ರ ಕಂಡ ಗಂಡನೂ ಅಷ್ಟು ಬೆವರಿರಲಾರ.

“ಏನೇ ಇದು?”

“ಕಾದಂಬರಿ,” ಎಂದರು ಹೆಂಡತಿ, ಹಾಲಿನ ಪಾತ್ರೆಯಿಂದ ಕಣ್ಣು ಕೀಳದೆ.

“ಅದು ಗೊತ್ತು. ಎಷ್ಟು ದಿನದಿಂದ ನಡೀತಿದೆ ಇದು?”

“ಎರಡು ವರ್ಷ ಆಯ್ತು ರೀ. ಅಲ್ಲಿ ಹೊಸ ಪುಸ್ತಕ ಬರುತ್ತೆ. ಫ್ಯಾನ್ ತಿರುಗುತ್ತೆ. ಮೇಡಂ ನಗ್ತಾ ಮಾತಾಡಿಸ್ತಾರೆ.”

“ಯಾಕೆ, ನಾನು ನಗಲ್ವಾ?”

ಹೆಂಡತಿ ನ್ಯಾಯವಾಗಿ ಯೋಚಿಸಿದರು. “ನಕ್ಕಿದ್ರಿ. ಹೋದ ವರ್ಷ ಒಂದು ಸಲ. ಅವರ ಲೈಬ್ರರಿ ಮಾಳಿಗೆ ಸೋರ್ತಿದೆ ಅಂತ ಕೇಳಿದಾಗ.”

“ಈ ಪುಸ್ತಕ ನಮ್ಮಲ್ಲೂ ಇದೆಯಲ್ಲೇ!”

“ಇದೆ. ಕೊನೇ ಪುಟದಲ್ಲಿ ಕೊಲೆಗಾರನ ಹೆಸರಿನ ಮೇಲೇ ಸೀಲು ಹೊಡೆದಿದ್ದೀರಂತೆ. ಊರಲ್ಲೆಲ್ಲ ಅದೇ ಮಾತು. ಯಾರು ಕೊಂದಿದ್ದು ಅಂತ ಗೊತ್ತಾಗ್ಬೇಕಾದ್ರೆ ಮೇಲಿನ ಬೀದಿಗೇ ಹೋಗ್ಬೇಕು.”

ಈ ಆರೋಪ ನಿಜವಾಗಿತ್ತು. ಕೆಳಗಿನ ಬೀದಿ ಶಾಖೆಯ ಗ್ರಂಥಪಾಲಕರಿಗೆ ಸೀಲಪ್ಪ ಎಂಬ ಹೆಸರು ತಂದೆತಾಯಿ ಇಟ್ಟದ್ದಲ್ಲ, ಓದುಗರು ಇಟ್ಟದ್ದು. ಕೈಗೆ ಬಂದ ಕಾಗದಕ್ಕೆಲ್ಲ ಅವರು ಮೊಹರು ಒತ್ತುತ್ತಿದ್ದರು: ಪುಸ್ತಕದ ಮೂರನೆಯ ಪುಟ, ಮೂವತ್ತಮೂರನೆಯ ಪುಟ, ಕೊನೆಯ ಪುಟ, ಪತ್ರಿಕೆ, ಪತ್ರ, ಒಮ್ಮೆ ಹೆಂಡತಿ ಬರೆದುಕೊಟ್ಟ ತರಕಾರಿ ಚೀಟಿ. ಬಲಗಡೆಯ ಕೆಳಮೂಲೆಯಲ್ಲೇ ಒತ್ತಬೇಕು, ಅದು ನಿಯಮ. ಅಲ್ಲಿ ಏನಾದರೂ ಅಚ್ಚಾಗಿದೆಯೇ ಎಂದು ನೋಡಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಆ ಕಾದಂಬರಿಗೂ ಓದುವ ಮೊದಲೇ ಮೊಹರು ಬಿದ್ದಿತ್ತಾದ್ದರಿಂದ, ಕೊಂದವನು ಯಾರೆಂದು ಸೀಲಪ್ಪನವರಿಗೂ ಇಂದಿನವರೆಗೆ ತಿಳಿಯದು.

ಆ ಮೇಡಂ ಬೇರೆ ಯಾರೋ ಆಗಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಆಕೆ ಹದಿನೈದು ವರ್ಷಗಳ ಹಿಂದೆ ಇವರ ಕೈಕೆಳಗೇ ಸಹಾಯಕಿಯಾಗಿ ಸೇರಿದವಳು. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವುದನ್ನು ಹೇಳಿಕೊಟ್ಟವರು ಇವರು. ಈಗ ಅವಳ ಶಾಖೆಯ ಕಿಟಕಿಯಾಚೆ ಮರವಿದೆ, ಮರದಲ್ಲಿ ಹಕ್ಕಿಗಳಿವೆ. ಇವರ ಕಿಟಕಿಯಾಚೆ ಕ್ಷೌರದಂಗಡಿಯ ಗೋಡೆ. ಅವಳ ಚಿತ್ರ ಪತ್ರಿಕೆಯಲ್ಲಿ ಬಂತು; ಆ ಪತ್ರಿಕೆಯ ಮೇಲೂ ಇವರು ಮೊಹರು ಒತ್ತಿದರು, ಸ್ವಲ್ಪ ಜೋರಾಗಿಯೇ, ಅವಳ ಮುಖದ ಮೇಲೆ.

ಹೀಗೆ ಉರಿಯುತ್ತಲೇ ಅವರು ಒಂಬತ್ತೂವರೆಗೆ ಗ್ರಂಥಾಲಯದ ಬಾಗಿಲು ತೆರೆದರು. ಮೇಜಿನ ಮೇಲೆ ನಗರಸಭೆಯ ಸುತ್ತೋಲೆ ಕಾದಿತ್ತು. ಲಕೋಟೆಯ ಮೇಲಿನ ತಾರೀಖು ಹದಿನೈದು ದಿನ ಹಳೆಯದು. ಅದನ್ನು ಒಳಗಿಟ್ಟವಳು, ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಕಸ ಗುಡಿಸುವ ಅಕ್ಕ.

“ಇದು ಯಾವಾಗ ಬಂತಕ್ಕಾ?”

“ಇವತ್ತೇ ಬಂತು ಸಾರ್. ಮೇಲಿನ ಬೀದಿಗೆ ಹೋದ ವಾರಾನೇ ಕೊಟ್ರಂತೆ.”

ಅವಳಿಗೆ ಮೊದಲು! ಸೀಲಪ್ಪನವರ ಕಣ್ಣಿಗೆ ಕತ್ತಲೆ ಕವಿಯಿತು. ಆ ಕತ್ತಲೆಯಲ್ಲೇ ಅವರು ಓದಿದರು:

‘ಇರುವ ಅನುದಾನದಲ್ಲಿ ಎರಡು ಗ್ರಂಥಾಲಯ ಶಾಖೆಗಳನ್ನು ನಡೆಸುವುದು ಸಾಧ್ಯವಿಲ್ಲವಾದ್ದರಿಂದ ಈ ತಿಂಗಳ ಹದಿನೆಂಟರಂದು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎರಡೂ ಶಾಖೆಗಳಿಗೆ ಬರುವ ಜನರನ್ನು ಎಣಿಸತಕ್ಕದ್ದು. ಬಂದವರೆಲ್ಲ ಭೇಟಿ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಹೆಚ್ಚು ಜನರು ಬಂದ ಶಾಖೆಯನ್ನು ಜನಪ್ರಿಯ ಶಾಖೆಯೆಂದು ಘೋಷಿಸಿ, ಮುಂದಿನ ಕ್ರಮ ಕೈಗೊಳ್ಳಲಾಗುವುದು.’

ಹದಿನೆಂಟು ಎಂದರೆ ಇಂದು.

ಅವರ ಕೈ ತಾನಾಗಿ ಇಂಕ್ ಪ್ಯಾಡಿಗೆ ಹೋಯಿತು. ಕಾಗದದ ಬಲಗಡೆಯ ಕೆಳಮೂಲೆಯಲ್ಲಿ ಮೊಹರು ಟಪ್ಪೆಂದಿತು. ಸುತ್ತೋಲೆ ಸೂಚನಾಫಲಕದ ಗಾಜಿನೊಳಗೆ ಸೇರಿತು. ಬೀಗ ಬಿತ್ತು.

ಎರಡರಲ್ಲಿ ಒಂದು ಉಳಿಯಬೇಕು. ಸೀಲಪ್ಪನವರು ಒಳಗೆಲ್ಲ ಒಮ್ಮೆ ನಡೆದಾಡಿದರು. ಮೂಲೆಯ ಕಪಾಟಿನಲ್ಲಿ ಕವಿತೆಗಳಿದ್ದವು, ಇನ್ನೂರ ಹನ್ನೆರಡು ತೆಳು ಪುಸ್ತಕ. ಏಳು ವರ್ಷಗಳಿಂದ ಅವನ್ನು ಯಾರೂ ಮನೆಗೆ ಒಯ್ದಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಕ್ಷೌರದಂಗಡಿಯ ಕನ್ನಡಿಯಿಂದ ಚಿಮ್ಮಿದ ಬಿಸಿಲಿನ ಒಂದು ತುಂಡು ಆ ಕಪಾಟಿನ ಮೇಲೆ ಬಂದು, ಹೆಸರುಗಳನ್ನು ಒಂದೊಂದಾಗಿ ಓದುವಂತೆ ಸರಿದು ಹೋಗುತ್ತಿತ್ತು. ಸೀಲಪ್ಪನವರ ಜೊತೆಗೆ ಆ ಬಿಸಿಲನ್ನೂ ಸೇರಿಸಿದರೆ ಆ ಕಪಾಟಿಗೆ ಇಬ್ಬರು ಓದುಗರು. ಇದೆಲ್ಲ ಅವಳ ಪಾಲಾಗಬೇಕೆ? ಹಕ್ಕಿಗಳಿರುವವಳಿಗೆ ಕವಿತೆಗಳೂ ಬೇಕೆ?

ಹತ್ತು ಗಂಟೆಗೆ ಬಂದವರು ಪೇಪರ್ ತಾತ ಒಬ್ಬರೇ. ಪತ್ರಿಕೆಯ ಮೊದಲ ಪುಟ ಹಿಡಿದರೆ ಊಟದ ಹೊತ್ತಿನವರೆಗೆ ಯಾರಿಗೂ ಕೊಡದವರು. ಸಹಿ ಮಾಡಿ ಕುಳಿತರು. ಒಂದು. ಹನ್ನೊಂದಾದರೂ ಒಂದೇ. ಸೀಲಪ್ಪನವರು ಕೋಲು ತಂದು ಫ್ಯಾನಿನ ರೆಕ್ಕೆಯನ್ನು ತಳ್ಳಿದರು. ಅದು ಹಾಗೆ ತಳ್ಳಿದರೆ ಮಾತ್ರ, ಅದೂ ಹತ್ತು ನಿಮಿಷ, ತಿರುಗುವ ಫ್ಯಾನು.

“ಅಕ್ಕಾ, ಸುಮ್ನೆ ಮೇಲಿನ ಬೀದಿಗೆ ಹೋಗಿ ನೋಡ್ಕೊಂಡು ಬಾ. ಯಾರಿಗೂ ಗೊತ್ತಾಗ್ಬಾರ್ದು.”

ಅಕ್ಕ ಪೊರಕೆ ಹಿಡಿದೇ ಹೋಗಿ, ಅರ್ಧ ಗಂಟೆಯ ಮೇಲೆ ಮುಖ ಅರಳಿಸಿಕೊಂಡು ಬಂದಳು.

“ಅಯ್ಯೋ ಸಾರ್, ಅಲ್ಲಿ ಕೂರೋಕೆ ಜಾಗ ಇಲ್ಲ! ಮೂವತ್ತು ಜನ. ಮೇಡಂ ನಂಗೆ ನೀರು ಕೊಟ್ರು, ಕುರ್ಚಿ ಹಾಕಿದ್ರು.”

“ನೀನು ಸಹಿ ಮಾಡ್ಲಿಲ್ಲ ತಾನೆ?”

“ಮಾಡ್ದೆ ಇರೋಕಾಗುತ್ತಾ? ಅಷ್ಟು ಪ್ರೀತಿಯಿಂದ ಪೆನ್ ಕೊಟ್ರು. ಮೂವತ್ತೊಂದನೆಯವಳು ನಾನೇ.”

ಪೇಪರ್ ತಾತ ಮೊದಲ ಪುಟದ ಹಿಂದಿನಿಂದಲೇ ಕೇಳಿದರು: “ಅಲ್ಲಿ ಎಷ್ಟು ಪತ್ರಿಕೆ ಬರುತ್ತಮ್ಮಾ?”

“ಐದು, ತಾತಾ.”

ಮೊದಲ ಪುಟ ನಿಧಾನವಾಗಿ ಕೆಳಗಿಳಿಯಿತು. ಸೀಲಪ್ಪನವರು ನೆಗೆದು ಬಾಗಿಲಿಗೆ ಅಡ್ಡ ನಿಂತರು. “ಎಲ್ಲಿಗೆ ಹೊರಟ್ರಿ? ಇಪ್ಪತ್ತು ವರ್ಷದ ಋಣ ಇದೆ ನಮ್ಮಿಬ್ರದ್ದು!”

“ಬಿಡಪ್ಪಾ, ಕಾಲು ಆಡಿಸ್ಕೊಂಡು ಬರ್ತೀನಿ,” ಎಂದು ತಾತ ನುಸುಳಿದರು. ಅವರ ಕಾಲು ಯಾವ ದಿಕ್ಕಿಗೆ ಆಡಿತೆಂಬುದನ್ನು ಸೀಲಪ್ಪನವರು ಹೊಸ್ತಿಲಿನಲ್ಲಿ ನಿಂತು ನೋಡಿದರು. ಮೇಲಿನ ಬೀದಿಯ ದಿಕ್ಕಿಗೇ.

ಆ ಗಳಿಗೆಯಲ್ಲಿ ಅವರೊಳಗಿನ ಗ್ರಂಥಪಾಲಕ ಮಲಗಿ ಇನ್ನೊಬ್ಬ ಯಾರೋ ಎದ್ದ.

ಎದುರಿಗೆ ಬಸ್ ನಿಲ್ದಾಣವಿತ್ತು. ಹತ್ತೂವರೆಯ ಬಸ್ಸು ಹನ್ನೆರಡಾದರೂ ಬಂದಿರಲಿಲ್ಲ. ಒಬ್ಬ ಮಹಿಳೆ ಮಗುವನ್ನೆತ್ತಿಕೊಂಡು ಬಿಸಿಲಿನಲ್ಲಿ ನಿಂತಿದ್ದಳು. ಹತ್ತಾರು ಜನ ಗೋಡೆಯ ನೆರಳಿಗೆ ಅಂಟಿಕೊಂಡಿದ್ದರು. ಸೀಲಪ್ಪನವರು ಬೀದಿಗಿಳಿದರು. ಇಪ್ಪತ್ತಾರು ವರ್ಷ ‘ಶ್’ ಎಂಬ ಒಂದೇ ಸದ್ದು ಮಾಡಿದ ಬಾಯಿ ಈಗ ತರಕಾರಿ ಮಾರುವವನಂತೆ ತೆರೆದುಕೊಂಡಿತು.

“ಬನ್ನಿ, ಒಳಗೆ ಬನ್ನಿ! ನೆರಳಿದೆ, ನೀರಿದೆ, ಕುರ್ಚಿ ಇದೆ!”

“ನಾವು ಓದೋರಲ್ಲ ಸ್ವಾಮಿ,” ಎಂದನೊಬ್ಬ.

“ಓದ್ಬೇಡಿ! ಯಾರು ಓದಿ ಅಂದ್ರು? ಒಂದು ಸಹಿ ಹಾಕಿ, ಕೂತ್ಕೊಳ್ಳಿ.”

“ಶೌಚಾಲಯ ಇದ್ಯಾ?” ಮಗುವಿನ ತಾಯಿ ಮೆಲ್ಲಗೆ ಕೇಳಿದಳು.

ಇತ್ತು. ಓದಲು ಬಂದವರಿಗೆ ಅದೇಕೆ ಎಂದು ಒಂಬತ್ತು ವರ್ಷಗಳ ಹಿಂದೆ ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಯಾರೂ ಕದಿಯದಂತೆ ಮುರಿದ ಕುರ್ಚಿಯ ಕಾಲಿಗೆ ಕಟ್ಟಿಟ್ಟವರು ಸೀಲಪ್ಪನವರೇ. ಆ ಕಾಲನ್ನು ಈಗ ಅವರು ರಾಜದಂಡದಂತೆ ಎತ್ತಿ ಹಿಡಿದು ತಂದು ಬಾಗಿಲು ತೆರೆದರು.

ಸುದ್ದಿ ಬೀದಿಯ ತುದಿಯವರೆಗೆ ಹಬ್ಬಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅಂಗಡಿಯವರು, ಅಂಗಡಿಗೆ ಬಂದವರು, ಹೊರೆ ಹೊರುವವರು, ಗಾಡಿ ಓಡಿಸುವವರು, ಇಷ್ಟು ವರ್ಷ ಆ ಬಾಗಿಲಿನ ಮುಂದೆ ಹಾದು ಹೋಗುತ್ತಿದ್ದವರೆಲ್ಲ ಸಾಲುಗಟ್ಟಿ ನಿಂತು, ಗಂಭೀರವಾಗಿ ಸಹಿ ಹಾಕಿ, ಒಬ್ಬೊಬ್ಬರಾಗಿ ಹಿಂಬದಿಗೆ ನಡೆದರು. ಒಂದು ಗಂಟೆಗೆ ಐವತ್ತಾಯಿತು. ಊರಿಗೆ ಬೇಕಾದದ್ದು ಏನೆಂದು ಇಷ್ಟು ಸುಲಭವಾಗಿ ತಿಳಿಯುವುದಾಗಿದ್ದರೆ ಯಾರಾದರೂ ಮೊದಲೇ ಕೇಳಬಹುದಿತ್ತು.

ಪಕ್ಕದ ಕ್ಷೌರಿಕ ಬಂದ. “ಅಣ್ಣಾ, ನನ್ನ ಅಂಗಡೀಲಿ ಕಾಯೋರಿಗೆ ಜಾಗ ಇಲ್ಲ. ಇಲ್ಲಿ ಕೂರಿಸ್ಲಾ?”

“ಧಾರಾಳವಾಗಿ.”

“ನಂಗೂ ಅಲ್ಲಿಂದ ಇಲ್ಲಿಗೆ ಓಡಾಡೋದು ಕಷ್ಟ. ಇಲ್ಲೇ ಎರಡು ತಲೆ ಮುಗಿಸ್ಬಿಡ್ತೀನಿ.”

ಸೀಲಪ್ಪನವರು ಕಣ್ಣು ಮುಚ್ಚಿ ಮೇಲಿನ ಬೀದಿಯ ಹಕ್ಕಿಗಳನ್ನು ನೆನೆದರು. “ಮುಗಿಸು,” ಎಂದರು.

ಎರಡು ಗಂಟೆಗೆ ‘ಮೌನ ಕಾಪಾಡಿ’ ಎಂಬ ಫಲಕದ ಕೆಳಗೆ ಅಂಗಳದ ಗೋಡೆಯ ವಿಚಾರವಾಗಿ ಇಬ್ಬರು ಅಣ್ಣತಮ್ಮಂದಿರು ಜಗಳವಾಡುತ್ತಿದ್ದರು. ತೀರ್ಪು ಹೇಳಲು ಬಂದ ಏಳು ಜನರೂ ಸಹಿ ಹಾಕಿದ್ದರು. ವಿಶ್ವಕೋಶದ ನಾಲ್ಕು ಸಂಪುಟಗಳ ಮೇಲೆ ಮಗು ಮಲಗಿತ್ತು. ಇದ್ದ ಒಂದೇ ಪ್ಲಗ್ಗಿಗೆ ಒಂಬತ್ತು ಫೋನುಗಳು ಹಂದಿಮರಿಗಳಂತೆ ಬಾಯಿ ಹಚ್ಚಿದ್ದವು. ಕತ್ತರಿಸಿದ ಕೂದಲು ಫ್ಯಾನಿನ ಗಾಳಿಗೆ ಹಾರಿ ಕವಿತೆಗಳ ಕಪಾಟಿನ ಮೇಲೆ ಕೂತಿತು. ಅದನ್ನು ಅಂಗೈಯಿಂದ ಒರೆಸುವಾಗ ಮಾತ್ರ ಸೀಲಪ್ಪನವರ ಎದೆ ಒಂದಿಷ್ಟು ಚುರುಕ್ಕೆಂದಿತು. ‘ಇವತ್ತೊಂದು ದಿನ ಸಹಿಸಿಕೊಳ್ಳಿ’ ಎಂದು ಇನ್ನೂರ ಹನ್ನೆರಡು ಪುಸ್ತಕಗಳಿಗೂ ಒಟ್ಟಿಗೆ ಸಮಾಧಾನ ಹೇಳಿದರು.

ಮೂರರ ಬಿಸಿಲು ಎಂದಿನಂತೆ ಬಂತು; ಅಲ್ಲಿ ನಿಂತಿದ್ದವನ ಬೆನ್ನಿನ ಮೇಲೆ ಬಿತ್ತು; ಹೊರಟು ಹೋಯಿತು.

ಅಷ್ಟರಲ್ಲಿ ಬೇರೊಂದು ಬಗೆಯ ಜನ ಬರತೊಡಗಿದರು. ಕನ್ನಡಕದವರು, ಚೀಲದವರು, ಕಾಲೊರೆಸಿಕೊಂಡು ಒಳಗೆ ಬರುವವರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಪುಸ್ತಕ. ಪುಸ್ತಕದಲ್ಲಿ ಹಸಿರು ಚೌಕ ಮೊಹರು. ಅವಳ ಓದುಗರು! ಅವರ ನಡುವೆ ತಲೆ ತಗ್ಗಿಸಿಕೊಂಡ ಪೇಪರ್ ತಾತ.

“ಏನು ತಾತಾ, ಐದು ಪತ್ರಿಕೆ ಸಾಲ್ಲಿಲ್ವಾ?”

“ಅಲ್ಲಿ ಬಾಗಿಲಿಗೆ ಬಣ್ಣ ಹೊಡೆಸ್ತಿದಾರಪ್ಪ. ಇವತ್ತು ಕೆಳಗಿನ ಬೀದಿಗೆ ಹೋಗಿ ಅಂದ್ರು.”

ಎಣಿಕೆಯ ದಿನ ಬಣ್ಣ! ಸೀಲಪ್ಪನವರು ನಗು ತಡೆಯಲಾರದೆ ನಕ್ಕರು. ಎರಡು ವರ್ಷದಲ್ಲಿ ಎರಡನೆಯ ನಗು. ಅದನ್ನು ಕಣ್ಣಾರೆ ಕಂಡವರು ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತ ಅವರ ಹೆಂಡತಿ.

“ನೀನೂ ಬಂದ್ಯಾ!”

“ಎಲ್ರೂ ಬಂದ್ರು, ನಾನೂ ಬಂದೆ. ಏನ್ ರೀ ಇದು, ಸಂತೆ ಮಾಡಿಟ್ಟಿದ್ದೀರಿ?”

“ಸಹಿ ಹಾಕು, ಸಹಿ ಹಾಕು.”

ನಾಲ್ಕೂವರೆಗೆ ಮೇಡಂ ಸ್ವತಃ ಬಂದಳು. ಜನ ದಾರಿ ಬಿಟ್ಟರು. ಆಕೆ ಸುತ್ತಲೂ ನೋಡಿದಳು: ಕೂದಲು, ಮಗು, ಜಗಳ, ಫೋನು. ಆಮೇಲೆ ಸೀಲಪ್ಪನವರ ಮುಖವನ್ನು ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು.

ಸೋತಿದ್ದಾಳೆ, ಎಂದುಕೊಂಡರು ಸೀಲಪ್ಪನವರು. ಎಷ್ಟೋ ವರ್ಷಗಳಿಂದ ಹೊಟ್ಟೆಯೊಳಗೆ ಕೂತಿದ್ದ ಬೆಂಕಿಯ ಮೇಲೆ ಯಾರೋ ಒಂದು ಕೊಡ ತಣ್ಣೀರು ಸುರಿದಂತಾಯಿತು.

“ನಾನೂ ಒಂದು ಸಹಿ ಹಾಕ್ಲಾ ಸಾರ್?”

“ಹಾಕಮ್ಮಾ, ಧಾರಾಳವಾಗಿ ಹಾಕು.” ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು. “ಬೇಜಾರು ಮಾಡ್ಕೋಬೇಡ. ನಿನಗೂ ಇಲ್ಲೊಂದು ಕುರ್ಚಿ ಹಾಕಿಸ್ತೀನಿ. ಚೀಟಿ ಅಂಟಿಸೋ ಕೆಲಸ ಇದ್ದೇ ಇದೆ.”

ಆಕೆ ಆ ಮಾತಿನ ಅರ್ಥವಾಗದವಳಂತೆ ಒಂದು ಕ್ಷಣ ನಿಂತಳು. “ಸಾರ್, ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ? ನೀವು ನನ್ನನ್ನ ಕಂಡ್ರೆ ಉರೀತೀರಿ ಅಂತ ಜನ ಹೇಳ್ತಾರೆ. ಇವತ್ತು ಅವರ ಬಾಯಿಗೆ ಬೀಗ ಬಿತ್ತು.”

ಶೌಚಾಲಯದ ಬೀಗ ತೆಗೆದದ್ದನ್ನೇ ಆಕೆ ಮೆಚ್ಚುತ್ತಿರಬೇಕೆಂದು ಸೀಲಪ್ಪನವರು ವಿನಯದಿಂದ ತಲೆಯಾಡಿಸಿದರು. “ಸಾರ್ವಜನಿಕರ ಸೇವೆ ಅಂದ ಮೇಲೆ ಅಷ್ಟಾದ್ರೂ ಮಾಡ್ಬೇಕಲ್ಲಮ್ಮಾ.”

ಸರಿಯಾಗಿ ಐದಕ್ಕೆ ನಗರಸಭೆಯ ಸಾಹೇಬರು ಬಂದರು. ಎರಡೂ ಶಾಖೆಗಳ ಭೇಟಿ ಪುಸ್ತಕಗಳ ಸಹಿಗಳನ್ನು ಎಣಿಸಿ, ಬೆರಳಿಗೆ ಉಗುಳು ಹಚ್ಚಿ ಇನ್ನೊಮ್ಮೆ ಎಣಿಸಿದರು. “ಮೇಲಿನ ಬೀದಿ ಮೂವತ್ತೆಂಟು. ಕೆಳಗಿನ ಬೀದಿ ನೂರ ಎಂಬತ್ನಾಲ್ಕು! ಭೇಷ್! ಇನ್ನು ಅನುಮಾನವೇ ಇಲ್ಲ.”

ಕ್ಷೌರಿಕ ಕತ್ತರಿಯನ್ನು ಚಕಚಕನೆ ಆಡಿಸಿ ಚಪ್ಪಾಳೆ ಶುರು ಮಾಡಿದ. ಅಣ್ಣತಮ್ಮಂದಿರು ಜಗಳ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಸೀಲಪ್ಪನವರು ಮೇಡಂ ಕಡೆ ಓರೆಗಣ್ಣಿನಿಂದ ನೋಡಿದರು. ಆಕೆಯೂ ಚಪ್ಪಾಳೆ ತಟ್ಟುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

“ಹಾಗಾದ್ರೆ ಸೋಮವಾರ ಲಾರಿ ಕಳಿಸ್ತೀನಿ,” ಎಂದರು ಸಾಹೇಬರು.

“ಅವರ ಪುಸ್ತಕ ತರೋಕೆ ತಾನೆ ಸಾರ್?”

“ಅವರದ್ದಲ್ಲ ರೀ, ನಿಮ್ಮದು. ಸುತ್ತೋಲೇಲಿ ಇದೆಯಲ್ಲ.”

ಸಾಹೇಬರು ಫಲಕದ ಗಾಜು ತೆರೆಸಿ, ಸುತ್ತೋಲೆಯನ್ನು ಕಿತ್ತು, ಅದರ ಹಿಂಬದಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು:

‘ಹೆಚ್ಚು ಜನರು ಬರುವ ಕಟ್ಟಡವು ಸಾರ್ವಜನಿಕರಿಗೆ ಅನುಕೂಲವಾದ ಜಾಗದಲ್ಲಿದೆಯೆಂದು ಪರಿಗಣಿಸಿ, ಅಲ್ಲಿ ನೀರಿನ ತೆರಿಗೆ, ಪರವಾನಗಿ ಹಾಗೂ ಜನನ ಮರಣ ಪತ್ರಗಳ ಕೌಂಟರುಗಳನ್ನು ತೆರೆಯಲಾಗುವುದು. ಅಲ್ಲಿನ ಸಮಸ್ತ ಪುಸ್ತಕಗಳನ್ನೂ, ಓದಲು ಪ್ರಶಾಂತ ವಾತಾವರಣವಿರುವ ಇನ್ನೊಂದು ಶಾಖೆಗೆ ಸಾಗಿಸತಕ್ಕದ್ದು. ಗ್ರಂಥಪಾಲಕರು ಟೋಕನ್ ವಿತರಕರಾಗಿ ಅಲ್ಲಿಯೇ ಮುಂದುವರಿಯತಕ್ಕದ್ದು.’

ಸೀಲಪ್ಪನವರು ಸುತ್ತೋಲೆಯನ್ನು ಕೈಗೆ ತೆಗೆದುಕೊಂಡರು. ಮುಂಬದಿಯ ಬಲಗಡೆಯ ಕೆಳಮೂಲೆಯಲ್ಲಿ ತಮ್ಮದೇ ದುಂಡು ಮೊಹರು. ಬೆಳಕಿಗೆ ಹಿಡಿದರು. ನೇರಳೆ ಮಸಿಯ ಅಡಿಯಿಂದ, ನೀರಿನಡಿಯ ಕಲ್ಲಿನಂತೆ, ಮೂರು ಪದಗಳು ಮಸುಕಾಗಿ ಮೇಲೆದ್ದವು: ‘ಪುಟ ತಿರುಗಿಸಿ ನೋಡಿ.’

“ಹೋದ ವಾರ ಓದಿದಾಗ ನಂಗೆ ನಿದ್ದೇನೇ ಬರ್ಲಿಲ್ಲ ಸಾರ್,” ಎನ್ನುತ್ತಿದ್ದಳು ಮೇಡಂ. “ನಮ್ಮಲ್ಲೇ ಜನ ಜಾಸ್ತಿ, ನನ್ನ ಪುಸ್ತಕಗಳು ಹೋದವು ಅಂತಾನೇ ಅಂದ್ಕೊಂಡಿದ್ದೆ. ಇವತ್ತು ಮಧ್ಯಾಹ್ನ ಯಾರೋ ಬಂದು, ನೀವು ಬೀದೀಲಿ ನಿಂತು ಜನರನ್ನ ಕರೀತಿದ್ದೀರಿ ಅಂದ್ರು. ಆಗ ಗೊತ್ತಾಯ್ತು, ನೀವು ನನಗೋಸ್ಕರ ಸೋಲೋಕೆ ಹೊರಟಿದ್ದೀರಿ ಅಂತ. ನೀವೊಬ್ಬರೇ ಯಾಕೆ ಕಷ್ಟಪಡ್ಬೇಕು ಅಂತ ನಮ್ಮ ಬಾಗಿಲಿಗೆ ಬಣ್ಣ ಹೊಡೆಸಿ, ನಮ್ಮವರನ್ನೂ ಇಲ್ಲಿಗೇ ಕಳಿಸ್ದೆ.”

ಸೀಲಪ್ಪನವರು ಬಾಯಿ ತೆರೆದರು. ಇಷ್ಟು ಜನರ ಮುಂದೆ ಎರಡೇ ದಾರಿಗಳಿದ್ದವು: ತ್ಯಾಗಿಯಾಗುವುದು, ಇಲ್ಲವೇ ಕಾಗದ ತಿರುಗಿಸಲು ಬಾರದ ಗ್ರಂಥಪಾಲಕನಾಗುವುದು. ಬಾಯಿ ಮುಚ್ಚಿದರು.

“ಕವಿತೆಗಳನ್ನ ಕಿಟಕಿ ಹತ್ರಾನೇ ಇಡ್ತೀನಿ ಸಾರ್,” ಎಂದಳು ಆಕೆ. “ಹಕ್ಕಿಗಳ ಕಡೆಗೆ.”

“ಟೋಕನ್ ಕೆಲಸ ಅಂತ ಬೇಸರ ಬೇಡ,” ಎಂದು ಸಾಹೇಬರು ಬೆನ್ನು ತಟ್ಟಿದರು. “ದಿನಕ್ಕೆ ಐನೂರು ಟೋಕನ್. ಪ್ರತಿಯೊಂದಕ್ಕೂ ಸೀಲು ಬೇಕು. ನಿಮ್ಮ ಕೈ ಇದಕ್ಕೆ ಚೆನ್ನಾಗಿ ಪಳಗಿದೆ ಅಂತ ಕೇಳಿದ್ದೀನಿ.”

ಮನೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಹೆಂಡತಿ ಚಹಾ ಕೊಟ್ಟರು. ಬಹಳ ವರ್ಷಗಳ ಮೇಲೆ ಗಂಡನನ್ನು ಹೆಮ್ಮೆಯಿಂದ ನೋಡುತ್ತಿದ್ದರು. ಅದನ್ನು ಸಹಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

“ನೀವು ಇಷ್ಟು ದೊಡ್ಡವರು ಅಂತ ಗೊತ್ತೇ ಇರ್ಲಿಲ್ಲ ರೀ. ನನ್ನ ಕಾರ್ಡಿಗೆ ಎರಡು ಪುಸ್ತಕ ಕೊಡ್ತಾರೆ. ಇನ್ಮೇಲೆ ಒಂದು ನಿಮಗೆ.”

ಚಹಾ ಮತ್ತೆ ಸಪ್ಪೆಯಾಗಿತ್ತು. ಸೀಲಪ್ಪನವರು ಕಪಾಟಿನೊಳಗೆ ಕೈ ಹಾಕಿದರು. ಸಕ್ಕರೆ ಡಬ್ಬಿಯ ಹಿಂದೆ ಅದೇ ಪತ್ತೇದಾರಿ ಕಾದಂಬರಿ. ಈ ಸಲ ಅವರು ಮೂರನೆಯ ಪುಟ ನೋಡಲಿಲ್ಲ. ನೇರವಾಗಿ ಕೊನೆಯ ಪುಟ ತೆರೆದರು. ಹಸಿರು ಮೊಹರು ಖಾಲಿ ಜಾಗ ಹುಡುಕಿಕೊಂಡು ಅಚ್ಚುಕಟ್ಟಾಗಿ ಕೂತಿತ್ತು. ಒಂದು ಅಕ್ಷರವೂ ಮುಚ್ಚಿರಲಿಲ್ಲ.

‘ಕೊಂದವನು ಹೊರಗಿನವನಲ್ಲ,’ ಎಂದು ಪತ್ತೇದಾರ ಕೊನೆಯ ಸಾಲಿನಲ್ಲಿ ಹೇಳಿದ್ದ, ‘ಆ ಮನೆಯ ಹಳೆಯ ಗ್ರಂಥಪಾಲಕ. ಕಾರಣ, ಹೊಟ್ಟೆಕಿಚ್ಚು.’

“ಯಾರು ರೀ ಕೊಂದಿದ್ದು?” ಹೆಂಡತಿ ಒಲೆಯ ಕಡೆಯಿಂದ ಕೇಳಿ, ಮರುಕ್ಷಣವೇ ಕಿವಿ ಮುಚ್ಚಿಕೊಂಡರು. “ಬೇಡ, ಬೇಡ, ಹೇಳ್ಬೇಡಿ! ಇವತ್ತು ನಾನೇ ಓದಿ ಮುಗಿಸ್ತೀನಿ.”

ಸೀಲಪ್ಪನವರ ಬಲಗೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ತಡಕಾಡಿತು. ಮೊಹರು ಆಫೀಸಿನಲ್ಲೇ ಉಳಿದಿತ್ತು.